ಆ ವಿಮಾನದ ಕಣ್ಣಿಗೆ ಬೀಳದಿದ್ದರೆ

ಮಸ್ಕಿ

ಮಾಮನ ಕಡೆಯ ಕಾಗದ ಬಂದು ಹನ್ನೆರಡು ವರ್ಷವಾದ ಮೇಲೆ ಸಿಲೋನಿನಿಂದ ಒಂದು ಕಾರ್ಡು ಬಂತು. ಉರ್ದುವಿನಲ್ಲಿ ಬರೆದದ್ದು. ಕೆಳಗೆ ಖಾದರ್ ಎಂದು ಸಹಿ. "ಚನ್ನಬಸಪ್ಪನ ಸಾಮಾನು ನನ್ನ ಹತ್ತಿರ ಜೋಪಾನವಾಗಿದೆ. ಅವನ ಮನೆಯವರು ಯಾರಾದರೂ ಬಂದರೆ ಕೊಡುತ್ತೇನೆ, ಕಂಡದ್ದನ್ನು ಹೇಳುತ್ತೇನೆ." ಇಷ್ಟೇ. ಮನುಷ್ಯ ಇದ್ದಾನೋ ಇಲ್ಲವೋ ಎಂಬುದನ್ನು ಬರೆದಿರಲಿಲ್ಲ.

ಚನ್ನಬಸಪ್ಪ ಮಾಮ ನನ್ನ ಅಕ್ಕ ನೀಲಮ್ಮನ ಗಂಡ. ಲಿಂಗಸುಗೂರಿನ ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ. ಕಬ್ಬಿಣದ ಕೊಳವೆ ಕೈಗೆ ಸಿಕ್ಕರೆ ಊಟ ಮರೆಯುವ ಮನುಷ್ಯ. ಯುದ್ಧ ಶುರುವಾದ ಹೊಸತರಲ್ಲಿ ಮದರಾಸಿನ ಗುತ್ತಿಗೆದಾರನೊಬ್ಬನ ಕೂಡ ಸಿಲೋನಿಗೆ ಹೋದ. ಅಲ್ಲಿ ಟ್ರಿಂಕೋಮಲಿ ಎಂಬ ಬಂದರಿನಲ್ಲಿ ಇಂಗ್ಲಿಷರು ತಮ್ಮ ಯುದ್ಧದ ಹಡಗುಗಳಿಗೆಂದು ಎಣ್ಣೆಯ ದೊಡ್ಡ ದೊಡ್ಡ ಟ್ಯಾಂಕು ಕಟ್ಟಿಸಿದ್ದರು. ಅವುಗಳ ಕೊಳವೆ, ಎಣ್ಣೆ ಬಿಡುವ ನಿಲ್ಲಿಸುವ ಕೀಲು ನೋಡಿಕೊಳ್ಳುವ ಕೆಲಸ. ಎರಡು ವರ್ಷದಲ್ಲಿ ಬರುತ್ತೇನೆಂದು ಹೇಳಿ ಹೋಗಿದ್ದ. ನಲವತ್ತೆರಡರ ಏಪ್ರಿಲ್‌ನಲ್ಲಿ ಜಪಾನೀಯರ ವಿಮಾನಗಳು ಸಮುದ್ರದ ಮೇಲಿಂದ ಬಂದು ಟ್ರಿಂಕೋಮಲಿಯ ಮೇಲೆ ಬಾಂಬು ಹಾಕಿದವು. ಆಮೇಲೆ ಕಾಗದವಿಲ್ಲ.

ನಾವು ಬರೆದವಕ್ಕೂ ಉತ್ತರವಿಲ್ಲ. ಅಷ್ಟರಲ್ಲಿ ನಮ್ಮ ಕಡೆ ರಜಾಕಾರರ ಗದ್ದಲ, ಆಮೇಲೆ ಪೋಲೀಸ್ ಆ್ಯಕ್ಷನ್. ಎಲ್ಲ ತಣ್ಣಗಾದ ಮೇಲೆ ನಾನು ಸಿಂಧನೂರಿನ ಶಾಲೆಯಲ್ಲಿ ಚರಿತ್ರೆ ಹೇಳುವ ಮಾಸ್ತರನಾದೆ. ಹಳೆಯ ವಿಳಾಸಕ್ಕೆ ಮತ್ತೊಮ್ಮೆ ಬರೆದು ನೋಡೋಣವೆಂದು ಬರೆದೆ. ಅದಕ್ಕೆ ಬಂದ ಉತ್ತರವೇ ಈ ಕಾರ್ಡು.

ಹನ್ನೆರಡು ವರ್ಷದಲ್ಲಿ ಮನೆಯ ಹಿರಿಯರು ಅಕ್ಕನ ಬಳೆ ಕುಂಕುಮದ ಮಾತು ಎಷ್ಟು ಸಲ ಎತ್ತಿದರೋ. ಅವಳದು ಒಂದೇ ಉತ್ತರ: "ಯಾರು ಕಂಡಾರ? ಕಂಡವ್ರು ಬಂದು ಹೇಳ್ಲಿ, ಆಮ್ಯಾಲ ನೋಡೂಣು."

ಕಾರ್ಡು ಓದಿದ ದಿನ ನಾನೊಬ್ಬನೇ ಹೋಗಿ ಬರುತ್ತೇನೆಂದೆ. ಅಕ್ಕ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಮನಿಯವ್ರು ಯಾರಾರ ಬರ್ಲಿ ಅಂತ ಬರದಾರಲ್ಲ? ನಾ ಯಾರಾರ ಅಲ್ಲ. ನಾನ ಹೋಗ್ಬೇಕು."

"ಸಮುದ್ರ ದಾಟಬೇಕವ್ವಾ," ಎಂದು ನಮ್ಮವ್ವ ಅಳುವ ದನಿ ತೆಗೆದಳು.

"ಅವ್ರು ದಾಟ್ಲಿಲ್ಲೇನು?" ಎಂದಳು ಅಕ್ಕ.

ಶಾಲೆಗೆ ಬೇಸಿಗೆ ರಜೆ ಬಿಟ್ಟ ವಾರವೇ ಹೊರಟೆವು.

ಮಂಡಪಂ

ರಾಯಚೂರಿನಿಂದ ಮದರಾಸು, ಮದರಾಸಿನಿಂದ ರಾಮೇಶ್ವರದ ದಾರಿ. ಸಿಲೋನಿಗೆ ಹೋಗುವವರನ್ನು ಮಂಡಪಂ ಎಂಬಲ್ಲಿ ಇಳಿಸಿ, ರೋಗ ರುಜಿನ ಏನೂ ಇಲ್ಲವೆಂದು ಡಾಕ್ಟರು ಚೀಟಿ ಕೊಟ್ಟ ಮೇಲೆಯೇ ಮುಂದಕ್ಕೆ ಬಿಡುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಚಹಾ ತೋಟಕ್ಕೆ ಹೋಗುವ ತಮಿಳು ಕೂಲಿಗಳು. ಅವರಲ್ಲಿ ಅಕ್ಕನ ಇಳಕಲ್ ಸೀರೆ ದೂರದಿಂದಲೇ ಕಾಣುತ್ತಿತ್ತು.

ಡಾಕ್ಟರಿಗೆ ನಮ್ಮ ಮೈಗಿಂತ ನಮ್ಮ ಗಂಟಿನ ಮೇಲೆ ಅನುಮಾನ ಬಂತು. ಖಡಕ್ ರೊಟ್ಟಿಯ ಕಟ್ಟು ಬಿಚ್ಚಿಸಿದರು. ಒಂದನ್ನು ತೆಗೆದು ಬೆರಳಿನಿಂದ ಬಡಿದರು. ಹಂಚು ಬಡಿದಂತೆ ಸದ್ದಾಯಿತು. ಇದು ತಿನ್ನುವ ವಸ್ತುವೇ ಎಂದು ಕೇಳಿದರು. ಅಕ್ಕ ಒಂದು ತುಂಡು ಮುರಿದು, ಶೇಂಗಾ ಚಟ್ನಿ ಸವರಿ ಅವರೆದುರೇ ತಿಂದಳು. ಇನ್ನೊಂದು ತುಂಡನ್ನು ಅವರ ಕಡೆ ಚಾಚಿದಳು. ಆ ದೊಡ್ಡ ಮನುಷ್ಯರು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಚೀಟಿ ಬರೆದುಕೊಟ್ಟರು.

ಗಂಟು ಕಟ್ಟುವಾಗ ನೋಡಿದೆ: ತಳದಲ್ಲಿ ಬೇರೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಕಟ್ಟು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

"ಇದ್ಯಾಕ ಬ್ಯಾರೆ ಇಟ್ಟೀದಿ ಅಕ್ಕಾ?"

"ಅದು ಅವ್ರಿಗೆ," ಎಂದಳು.

ಹೊರಡುವ ಹಿಂದಿನ ದಿನ ಮೂರು ತಾಸು ಒಲೆಯ ಮುಂದೆ ಕೂತು ಬಡಿದದ್ದು ಅದನ್ನೇ ಎಂದು ಆಗ ತಿಳಿಯಿತು.

ಹಡಗು

ಧನುಷ್ಕೋಡಿಯಲ್ಲಿ ರೈಲು ಸಮುದ್ರದ ಬಾಯಿಗೇ ಹೋಗಿ ನಿಲ್ಲುತ್ತದೆ. ಅಲ್ಲಿಂದ ಆಚೆ ದಡಕ್ಕೆ ಹಡಗಿನಲ್ಲಿ ಎರಡು ಮೂರು ತಾಸಿನ ದಾರಿ. ಅಕ್ಕ ಸಮುದ್ರ ನೋಡಿದ್ದು ಆಗಲೇ ಮೊದಲು, ನಾನೂ ಅಷ್ಟೇ. ಶಾಲೆಯಲ್ಲಿ ಹುಡುಗರಿಗೆ ಎಷ್ಟು ಸಮುದ್ರಗಳ ಹೆಸರು ಬಾಯಿಪಾಠ ಮಾಡಿಸಿದ್ದೆನೋ, ಒಂದನ್ನೂ ಕಂಡಿರಲಿಲ್ಲ. ನಮ್ಮ ಕಡೆ ಈಗ ತುಂಗಭದ್ರೆಯ ಕಾಲುವೆ ಅಗೆಯುತ್ತಿದ್ದಾರೆ. ಅದರ ಅಗಲ ನೋಡಿಯೇ ಜನ ಮೂಗಿನ ಮೇಲೆ ಬೆರಳಿಡುತ್ತಾರೆ. ಇಲ್ಲಿ ಯಾವ ಕಡೆ ತಿರುಗಿದರೂ ದಡವಿಲ್ಲ.

"ಎರಿ ಹೊಲ ಮಳಿ ಆದ ಮರುದಿವಸ ಹಿಂಗ ಕಾಣ್ತೈತಿ," ಎಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ, "ಅವ್ರೂ ಇದ ನೀರಿನ ಮ್ಯಾಲ ಹೋದ್ರೇನು?"

"ಇದ ದಾರಿ ಅಕ್ಕಾ. ಬ್ಯಾರೆ ಇಲ್ಲ."

ಅವಳು ಕಟಕಟೆಯ ಕಬ್ಬಿಣದ ಸರಳನ್ನು ಕೈಯಿಂದ ಸವರಿದಳು. ಮಾಮ ಹಿಡಿದಿದ್ದ ಸರಳು ಇದೇ ಇರಬಹುದು ಎಂದುಕೊಂಡಳೋ ಏನೋ.

ಇಲ್ಲಿ ನಾನು ಒಂದು ಮಾತು ಹೇಳಿಬಿಡಬೇಕು. ಸಿಂಗಾಪುರ ಜಪಾನೀಯರ ಕೈಗೆ ಬಿದ್ದ ಸುದ್ದಿ ಮಸ್ಕಿಯ ಸಂತೆಗೂ ಬಂದಾಗ ಅಕ್ಕ ನನ್ನನ್ನು ಕೂರಿಸಿಕೊಂಡು ಕಾಗದ ಬರೆಸಿದಳು. ನನಗಾಗ ಹದಿನೈದು. ಲಿಂಗಸುಗೂರಿನಲ್ಲಿ ಓದುತ್ತಿದ್ದೆ, ಪೇಪರು ಓದುತ್ತಿದ್ದೆ, ಗೋಡೆಯ ಮೇಲೆ ಇದ್ದಲಿನಿಂದ ಯುದ್ಧದ ನಕ್ಷೆ ಬರೆದು ಮನೆಯವರಿಂದ ಬೈಸಿಕೊಳ್ಳುತ್ತಿದ್ದೆ. ಅಕ್ಕ ಹೇಳಿದ್ದು ಇಷ್ಟು: "ಈ ಕಾಗದ ಮುಟ್ಟಿದ ದಿವಸಾನ ಹೊರಟು ಬರ್ರಿ. ಕೆಲಸ ಅರ್ಧ ಇದ್ರೂ ಬರ್ರಿ." ನಾನು ಬರೆದದ್ದು ಬೇರೆ. ಅಕ್ಕ ಸುಮ್ಮನೆ ಅಂಜಿದ್ದಾಳೆ, ಇಂಗ್ಲಿಷರ ನೌಕಾಪಡೆ ಇರುವತನಕ ಸಿಲೋನಿಗೆ ಏನೂ ಆಗುವುದಿಲ್ಲ, ನೀವು ಕೆಲಸ ಮುಗಿಸಿಕೊಂಡೇ ಬರ್ರಿ ಎಂದು ಬರೆದೆ. ಓದಿ ಹೇಳು ಅಂದಾಗ ಅವಳು ಹೇಳಿದ್ದನ್ನೇ ಒಪ್ಪಿಸಿದೆ. ಅಕ್ಕನಿಗೆ ಓದು ಬಾರದು. ಹೆಬ್ಬೆಟ್ಟು ಒತ್ತಿದಳು. ಕಾಗದ ಹೋಯಿತು.

ಇದು ಯಾರಿಗೂ ಗೊತ್ತಿರಲಿಲ್ಲ. ಆ ಕಾಗದ ಮಾಮನಿಗೆ ಮುಟ್ಟದೇ ಹೋಗಿರಲಿ ಎಂದು ಹನ್ನೆರಡು ವರ್ಷ ಬೇಡಿಕೊಂಡಿದ್ದೇನೆ.

ರೈಲಿನಲ್ಲಿ

ತಲೈಮನ್ನಾರಿನಲ್ಲಿ ಇಳಿದು ಮತ್ತೆ ರೈಲು. ಬೆಳಕು ಹರಿದಾಗ ಎರಡೂ ಕಡೆ ಕಾಡು. ನಡುನಡುವೆ ಕೆರೆ, ಕೆರೆಯಲ್ಲಿ ತಾವರೆ. ಇಲ್ಲಿಯ ಮುದುಕರು ಹೆಂಗಸರಂತೆ ತುರುಬು ಕಟ್ಟಿ, ನೆತ್ತಿಯ ಮೇಲೆ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಾರೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಒಂದು ಸ್ಟೇಷನ್ನಿನಲ್ಲಿ ಅನ್ನದ ಪೊಟ್ಟಣ ಕೊಂಡೆ. ಜೊತೆಗೆ ಕೆಂಪಗೆ ಕಾಯಿ ಚಟ್ನಿ. ಅಕ್ಕ ಎರಡು ತುತ್ತು ತಿಂದು, ನಮ್ಮೂರ ಚಟ್ನಿಯ ಹತ್ತಿರ ಹತ್ತಿರ ಐತಿ ಎಂದಳು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಸಂಕೋಚದಿಂದ, ಅದರಲ್ಲಿ ಒಣಗಿದ ಮೀನಿನ ಪುಡಿ ಹಾಕಿರುತ್ತಾರೆ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಕೊರಳಲ್ಲಿ ಲಿಂಗ ಕಟ್ಟಿದ ಅಕ್ಕನಿಗೆ ನಾನು ಅದನ್ನು ಹೇಗೆ ಹೇಳಲಿ? ಹೇಳದೇ ಹೇಗಿರಲಿ? ಹೇಳಿದೆ. ಅವಳು ಪೊಟ್ಟಣ ಮಡಚಿ ಪಕ್ಕಕ್ಕಿಟ್ಟಳು. ಬಾಯಿ ತೊಳೆದು ಬಂದು ಕೊರಳ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಮೆಲ್ಲಗೆ, "ಅವ್ರು ಇಲ್ಲಿ ಏನು ತಿಂದು ಬದುಕಿದ್ರೋ," ಎಂದಳು.

ಆ ಹಿರಿಯರು ಜಾಫ್ನಾ ಕಡೆಯ ತಮಿಳರು, ಪೋಸ್ಟ್ ಮಾಸ್ತರಾಗಿದ್ದು ನಿವೃತ್ತರಾದವರು. ನಾನು ಚರಿತ್ರೆಯ ಮಾಸ್ತರನೆಂದು ತಿಳಿದು ಮಾತಿಗೆ ಬಿದ್ದರು. ಯುದ್ಧದ ದಿನಗಳಲ್ಲಿ ಕೊಲಂಬೊದಲ್ಲಿದ್ದರಂತೆ. ಜಪಾನೀಯರ ದೊಡ್ಡ ನೌಕಾಪಡೆ ಯಾರಿಗೂ ಸುಳಿವು ಕೊಡದೆ ಬರುತ್ತಿತ್ತು. ಕೊಲಂಬೊದ ಮೇಲೆ ಬಾಂಬು ಬೀಳುವ ಹಿಂದಿನ ದಿನ ಇಂಗ್ಲಿಷರ ಕಡೆಯ ಒಂದೇ ಒಂದು ಕಾವಲು ವಿಮಾನ ಅದನ್ನು ನಡುಸಮುದ್ರದಲ್ಲಿ ಕಂಡಿತು. ಆ ವಿಮಾನವನ್ನು ಹೊಡೆದು ಕೆಡವುವ ಮೊದಲು ಸುದ್ದಿ ದಡ ಮುಟ್ಟಿತ್ತು. ಹೀಗಾಗಿ ಕೊಲಂಬೊ ಬಂದರಿನ ಎಷ್ಟೋ ಹಡಗುಗಳು ರಾತ್ರೋರಾತ್ರಿ ಚೆದುರಿಹೋದವು. ಭಾನುವಾರ ಬೆಳಿಗ್ಗೆ ವಿಮಾನಗಳು ಬಂದಾಗ ಬಂದರು ಅರ್ಧ ಖಾಲಿ.

"ಆ ಒಂದು ವಿಮಾನ ನೋಡದೇ ಹೋಗಿದ್ದರೆ!" ಎಂದೆ ನಾನು. ತರಗತಿಯಲ್ಲಿ ಹೇಳುವ ಮಾತು ತಾನಾಗಿ ಬಾಯಿಗೆ ಬಂತು. ಬಂದರಿನ ತುಂಬ ಹಡಗುಗಳಿದ್ದಾಗಲೇ ಅವರು ಬಂದಿದ್ದರೆ, ದೂರದ ದ್ವೀಪದಲ್ಲಿ ಅಡಗಿದ್ದ ಇಂಗ್ಲಿಷರ ಮುಖ್ಯ ಪಡೆಯೂ ಅಂದು ಅಲ್ಲೇ ಇದ್ದಿದ್ದರೆ, ಈ ಸಮುದ್ರವೇ ಜಪಾನಿನದಾಗುತ್ತಿತ್ತು. ಬೊಂಬಾಯಿಗೆ ಹಡಗಿಲ್ಲ, ಈಜಿಪ್ಟಿನಲ್ಲಿ ಕಾದುವವರಿಗೆ ಸಾಮಾನಿಲ್ಲ, ಮದರಾಸಿನ ಬಾಗಿಲು ತೆರೆದಂತೆಯೇ. ಯುದ್ಧವೇ ಬೇರೆ ಕಡೆ ವಾಲುತ್ತಿತ್ತು.

ಪೋಸ್ಟ್ ಮಾಸ್ತರರು ತಲೆ ಅಲ್ಲಾಡಿಸಿದರು. "ಅವರು ಉಳಿಯಲು ಬಂದಿರಲಿಲ್ಲ, ಹೊಡೆದು ಹೋಗಲು ಬಂದಿದ್ದರು. ಆದರೂ ನೀವು ಹೇಳುವುದನ್ನು ಸುಳ್ಳೆನ್ನಲಾರೆ. ಆ ರಾತ್ರಿ ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಬೆಳಿಗ್ಗೆ ವಿಮಾನ ಬಂದಾಗ ನಮ್ಮವೇ ಎಂದುಕೊಂಡು ಬೀದಿಯಲ್ಲಿ ನಿಂತು ನೋಡಿದೆವು."

"ಏನಂತಾರ ಅವ್ರು?" ಎಂದಳು ಅಕ್ಕ.

"ಒಂದು ವಿಮಾನ ಮೊದಲ ನೋಡಿ ಸುದ್ದಿ ಕೊಟ್ಟಿದ್ದಕ್ಕ ಕೊಲಂಬೊ ಉಳೀತಂತ."

"ಮತ್ತ ಟ್ರಿಂಕೋಮಲಿ?"

ಅದು ನಾಲ್ಕು ದಿನ ಬಿಟ್ಟು, ಗುರುವಾರ. ನಾನು ಕಿಟಕಿಯ ಕಡೆ ತಿರುಗಿದೆ.

ಟ್ರಿಂಕೋಮಲಿ

ಖಾದರ್ ಸಾಹೇಬರು ಸ್ಟೇಷನ್ನಿಗೇ ಬಂದಿದ್ದರು. ವೇಲೂರಿನ ಕಡೆಯವರು, ಐವತ್ತರ ಮೇಲಿನ ವಯಸ್ಸು. ಎಣ್ಣೆ ಟ್ಯಾಂಕಿನ ಕೆಲಸಗಾರರಿಗೆ ಅಡಿಗೆ ಮಾಡುತ್ತಿದ್ದವರು. ಎಡಗೈ ಮೊಳಕೈಯಿಂದ ಬೆರಳ ತುದಿಯವರೆಗೆ ಸುಟ್ಟು, ಚರ್ಮ ಮುದುರಿತ್ತು. ಅವರ ಮಾತು ದಖನಿ ಉರ್ದು. ನಿಜಾಮರ ಸೀಮೆಯಲ್ಲಿ ಬೆಳೆದ ಅಕ್ಕನಿಗೆ ಅದು ಸಂತೆಯ ಭಾಷೆ. ನಾನು ತರ್ಜುಮೆ ಮಾಡಬೇಕಾದ್ದೇನೂ ಇರಲಿಲ್ಲ. ನಮ್ಮನ್ನು ಮನೆಗೆ ಕರೆದೊಯ್ದು ಚಾಪೆ ಹಾಸಿ ಕೂರಿಸಿದರು.

"ಬೆಹೆನ್, ಮೊದಲೇ ಬರೆಯಬೇಕಿತ್ತು. ಎರಡು ವರ್ಷ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಬೇರೆ ಕ್ಯಾಂಪಿಗೆ ಹಾಕಿದರು. ನಿಮ್ಮ ಊರ ಹೆಸರು ಬರೆದ ಕಾಗದ ನನಗೆ ಓದಲು ಬರದ ಅಕ್ಷರದಲ್ಲಿತ್ತು. ತಮ್ಮನವರು ಬರೆದ ಮೇಲೆ ವಿಳಾಸ ಸಿಕ್ಕಿತು."

"ಕಂಡದ್ದು ಹೇಳ್ರಿ ಭಾಯಿ," ಎಂದಳು ಅಕ್ಕ.

ಅವರು ಹೇಳಿದರು. ಭಾನುವಾರ ಕೊಲಂಬೊದ ಮೇಲೆ ಬಾಂಬು ಬಿದ್ದ ಸುದ್ದಿ ಬಂದದ್ದೇ ಕೂಲಿಗಳೆಲ್ಲ ಗಂಟು ಕಟ್ಟಿ ಓಡತೊಡಗಿದರು. ಸೋಮವಾರ ಖಾದರರೂ ಕಟ್ಟಿದರು, ಚನ್ನಬಸಪ್ಪನೂ ಕಟ್ಟಿದ. ಸಂಜೆ ಹೊರಡುವುದೆಂದು ಆಯಿತು. ಮಧ್ಯಾಹ್ನ ಚನ್ನಬಸಪ್ಪ ಮನೆಯಿಂದ ಬಂದಿದ್ದ ಕಾಗದವನ್ನು ಮತ್ತೆ ತೆಗೆದು ಓದಿದ. ಓದಿ ನಕ್ಕ.

"ನನ್ನ ಭಾಮೈದ ದೊಡ್ಡ ಪಂಡಿತ, ಪೇಪರು ಓದುತ್ತಾನೆ ಎಂದ. ಏನು ಬರೆದಿದ್ದಾನೆ ಎಂದು ಕೇಳಿದೆ. ಮನೆಯಿಂದ ಅವಸರ ಮಾಡಬೇಡ ಅಂದಿದ್ದಾರೆ, ಕೆಲಸ ಮುಗಿಸಿಕೊಂಡೇ ಹೋಗೋಣ ಎಂದ. ಗಂಟು ಬಿಚ್ಚಿದ. ಅವನು ಬಿಚ್ಚಿದ್ದು ನೋಡಿ ನಾನೂ ಬಿಚ್ಚಿದೆ."

ಗುರುವಾರ ಬೆಳಿಗ್ಗೆ ವಿಮಾನಗಳು ಬಂದವು. ಉರಿಯುತ್ತಿದ್ದ ಒಂದು ವಿಮಾನ ನೇರವಾಗಿ ಟ್ಯಾಂಕಿನ ಮೇಲೆ ಬಿತ್ತು. ಖಾದರ್, ಚನ್ನಬಸಪ್ಪ ಇಬ್ಬರೂ ಟ್ಯಾಂಕಿನ ಸುತ್ತಲಿನ ಗೋಡೆಯ ಈಚೆ ಬಂದುಬಿಟ್ಟಿದ್ದರು. ಚನ್ನಬಸಪ್ಪ ಹಿಂತಿರುಗಿ ನೋಡಿ, ಪಕ್ಕದ ಟ್ಯಾಂಕಿನ ಕೀಲು ತೆರೆದಿದೆ, ಅದಕ್ಕೂ ಹತ್ತಿಕೊಳ್ಳುತ್ತದೆ ಎಂದು ಓಡಿದ. ಖಾದರ್ ಹಿಡಿಯಲು ಹಿಂದೆ ಹೋದರು. ಕೈ ಸುಟ್ಟದ್ದು ಆಗ. ಬೆಂಕಿ ದಿನಗಟ್ಟಲೆ ಉರಿಯಿತು.

"ಪಕ್ಕದ ಟ್ಯಾಂಕು ಉಳಿಯಿತು. ಮಣ್ಣು ಮಾಡಲು ನಮಗೆ ಏನೂ ಸಿಗಲಿಲ್ಲ, ಬೆಹೆನ್."

ಅಕ್ಕ ಅಳಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು.

"ಅವಸರ ಮಾಡಬ್ಯಾಡ ಅಂತ ನಾ ಬರಸಿದ್ದಿಲ್ಲಲ್ಲ ಭಾಯಿ. ಆ ಕಾಗದ ಐತೇನ್ರಿ?"

ಖಾದರ್ ಒಳಗಿನಿಂದ ತಗಡಿನ ಪೆಟ್ಟಿಗೆ ತಂದರು. ಒಂದು ಟವೆಲು, ಕನ್ನಡಿ, ಅಳತೆಯ ಪಟ್ಟಿ, ಮತ್ತೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಹಿತ್ತಾಳೆಯ ನಳ. ಮಾಮ ಬಿಡುವಿನಲ್ಲಿ ತಾನೇ ಅರದಿಂದ ಉಜ್ಜಿ ಮಾಡಿದ್ದಂತೆ. ಮನೆಯ ನೀರಿನ ಹಂಡೆಗೆ ಹಾಕಿದರೆ ನೀಲಮ್ಮ ಬಗ್ಗಿ ನೀರು ತೋಡುವುದು ತಪ್ಪುತ್ತದೆ ಎನ್ನುತ್ತಿದ್ದನಂತೆ. ಅಕ್ಕ ಅದರ ಕಿವಿಯನ್ನು ಒಮ್ಮೆ ತಿರುವಿದಳು. ಹನ್ನೆರಡು ವರ್ಷದ ಮೇಲೂ ಸಲೀಸಾಗಿ ತಿರುಗಿತು.

ಪೆಟ್ಟಿಗೆಯ ತಳದಲ್ಲಿದ್ದ ಕಾಗದವನ್ನು ಅವಳು ನನ್ನ ಕೈಗೆ ಕೊಟ್ಟಳು.

"ಓದು."

ಆ ಕೋಣೆಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ. ಹದಿನೈದನೆಯ ವಯಸ್ಸಿನಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಬಹುದಿತ್ತು. ಈ ಕಾಗದ ಮುಟ್ಟಿದ ದಿವಸಾನ ಹೊರಟು ಬರ್ರಿ ಎಂದು ಓದಿ, ಮಡಚಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮಾಮನೇ ತಪ್ಪು ತಿಳಿದ ಎಂದಾಗುತ್ತಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಹಾಳೆಯ ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು ಕಂಡಿತು.

ಇದ್ದುದನ್ನು ಇದ್ದ ಹಾಗೆ ಓದಿದೆ. ಅಕ್ಕ ಸುಮ್ಮನೆ ಅಂಜಿದ್ದಾಳೆ ಎಂಬಲ್ಲಿ ದನಿ ನಿಂತಿತು. "ಮುಂದ ಓದು," ಎಂದಳು. ಮುಗಿಸಿದೆ.

ಆಮೇಲೆ ಅಕ್ಕ ಎದ್ದು, ಗಂಟಿನ ತಳದಿಂದ ಆ ಸಜ್ಜೆ ರೊಟ್ಟಿಯ ಕಟ್ಟು ತೆಗೆದು ಖಾದರರ ಮುಂದಿಟ್ಟಳು.

"ನೀವ ತಿನ್ರಿ ಭಾಯಿ."

ಖಾದರ್ ಸಾಹೇಬರು ಒಂದೇ ಕೈಯಿಂದ ರೊಟ್ಟಿ ಮುರಿಯುತ್ತ ಅತ್ತರು.

ಸಮುದ್ರದ ಬಂಡೆ

ಮರುದಿನ ಬೆಳಿಗ್ಗೆ ಖಾದರರು ನಮ್ಮನ್ನು ಟ್ಯಾಂಕುಗಳ ಕಡೆ ಕರೆದೊಯ್ದರು. ಬೇಲಿಯ ಹೊರಗೇ ಪಹರೆಯವನು ತಡೆದ. ಅದು ಈಗಲೂ ಇಂಗ್ಲಿಷರ ಜಾಗ. ಗಿಡಗಳ ನಡುವೆ ಟ್ಯಾಂಕುಗಳ ಬೋಳು ನೆತ್ತಿಗಳು ಕಾಣುತ್ತಿದ್ದವು. ಸುಟ್ಟದ್ದು ಎಲ್ಲಿದೆಯೆಂದು ಖಾದರರು ಬೆರಳು ಮಾಡಿ ತೋರಿಸಿದರೂ ನಮಗೆ ಕಂಡದ್ದು ಹಸಿರು ಮಾತ್ರ. ಅಕ್ಕ ಬೇಲಿಯ ಬುಡದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡಳು.

ಊರ ತುದಿಯಲ್ಲಿ ಸಮುದ್ರಕ್ಕೆ ಚಾಚಿದ ಒಂದು ಎತ್ತರದ ಬಂಡೆಯಿದೆ. ಅಲ್ಲಿದ್ದ ಶಿವನ ಗುಡಿಯನ್ನು ಹಿಂದಿನ ಕಾಲದಲ್ಲಿ ಪೋರ್ಚುಗೀಸರು ಕೆಡವಿದರಂತೆ. ಗುಡಿಯಿಲ್ಲದಿದ್ದರೂ ಪೂಜಾರಿ ಬಂಡೆಯ ಅಂಚಿಗೆ ನಿಂತು ಹೂವು, ಹಾಲು, ಕಾಯಿಯ ಹೋಳನ್ನು ಕೆಳಗಿನ ನೀರಿಗೇ ಅರ್ಪಿಸುತ್ತಾನೆ. ಅಕ್ಕ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಜನ ಹೋದ ಮೇಲೆ ಕೇಳಿದಳು:

"ಯಾಕ ಹಂಗ ಬರದಿ?"

"ನಂಗ ಎಲ್ಲಾ ಗೊತ್ತೈತಿ ಅಂತ ತಿಳ್ಕಂಡಿದ್ದೆ ಅಕ್ಕಾ."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಅಂಜಿದ್ದೆ."

ಗಾಳಿಗೆ ಅವಳ ಸೆರಗು ಹಾರಾಡುತ್ತಿತ್ತು. ಅದನ್ನು ಎಳೆದು ಬಿಗಿಯಾಗಿ ಸುತ್ತಿಕೊಂಡಳು.

"ಸಿಟ್ಟು ಐತಿ ತಮ್ಮಾ. ಭಾಳ ಐತಿ. ಈಗಿಂದೀಗ ಹೋಗು ಅಂದ್ರ ಹೋಗಂಗಿಲ್ಲ ಅದು."

ಕಾಲಿಗೆ ಬೀಳಲು ಬಗ್ಗಿದೆ. ಕೈ ಅಡ್ಡ ತಂದಳು. "ಬ್ಯಾಡ. ನಡಿ, ಬಿಸಲು ಏರಾಕತ್ತೈತಿ."

ಧನುಷ್ಕೋಡಿ

ಹಿಂತಿರುಗುವ ಹಡಗಿನಲ್ಲಿ ಅಕ್ಕ ತಾನಾಗಿ ಮಾತು ತೆಗೆದಳು.

"ನಿನ್ನ ಸಾಲಿ ಹುಡುಗರಿಗೆ ಹೇಳ್ತೀಯಲ್ಲ, ಆ ವಿಮಾನ ನೋಡ್ಲಿಲ್ಲ ಅಂದಿದ್ರ ಏನಾಗ್ತಿತ್ತು ಅಂತ. ನಂಗೂ ಹೇಳು."

ಬೆರಳಿನಿಂದ ಹಲಗೆಯ ಮೇಲೆ ಗೆರೆ ಎಳೆದು, ಇದು ಕೊಲಂಬೊ, ಇದು ನಮ್ಮ ದೇಶ ಎಂದು ತೋರಿಸಿ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು.

"ಅಂದ್ರ ಕೊಲಂಬೊದಾಗ ಜಪಾನಿನವ್ರ ಕೆಲಸ ಪೂರಾ ಆಗಿದ್ರ, ಟ್ರಿಂಕೋಮಲಿಗೆ ಬರ್ತಿದ್ದಿಲ್ಲೇನು?"

"ಬರ್ತಿದ್ದಿಲ್ಲೋ ಏನೋ. ಗಟ್ಟ್ಯಾಗಿ ಹೇಳಾಕ ಬರಂಗಿಲ್ಲ ಅಕ್ಕಾ."

"ನಮ್ಮವ್ರು ಉಳೀತಿದ್ರು."

"ಆದ್ರ ಇಂಗ್ಲಿಷರು ಸೋತಿದ್ರ ನಮ್ಮ ದೇಶ..."

"ದೇಶ ಇರ್ಲಿ. ಅದನ್ನ ನಾ ಕೇಳ್ಲಿಲ್ಲ." ನೀರಿನ ಕಡೆ ನೋಡಿದಳು. "ಯುದ್ಧ ಯಾರರ ಗೆಲ್ಲಲಿ, ನೀವು ಬರ್ರಿ ಅಂತಿದ್ದೆ ನಾ. ಹಂಗ ಅಂದ್ರ ತಪ್ಪೇನು?"

ಹಲಗೆಯ ಮೇಲೆ ಎಳೆದ ಗೆರೆಗಳನ್ನು ಅಂಗೈಯಿಂದ ಒರೆಸಿದೆ.

"ಆ ವಿಮಾನದಾಗ ಇದ್ದವ್ರು ಏನಾದ್ರು?" ಎಂದಳು ಮತ್ತೆ.

"ಸಮುದ್ರಕ್ಕ ಬಿದ್ರು. ಒಂದಿಷ್ಟು ಮಂದಿ ಉಳದ್ರಂತ."

"ಅವ್ರ ಮನಿಗೆ ಸುದ್ದಿ ಯಾರು ಮುಟ್ಟಿಸಿದ್ರೋ."

ಧನುಷ್ಕೋಡಿಯಲ್ಲಿ ಇಳಿದವರ ವಿವರ ಬರೆದುಕೊಳ್ಳುವ ಗುಮಾಸ್ತ ತೆಲುಗಿನವನು. ನಮ್ಮ ಸರದಿ ಬಂತು. ಅಕ್ಕನ ಹೆಸರು, ಊರು ಬರೆದುಕೊಂಡು ಗಂಡನ ಹೆಸರು ಕೇಳಿದ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಬಾಯಿ ತೆರೆದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಮೇಜಿನ ಮುಂದೆ ನಿಂತಳು.

"ಚನ್ನಬಸಪ್ಪ," ಎಂದಳು.

ಮದುವೆಯಾದ ಮೇಲೆ ಆ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏಂ ಚೇಸ್ತಾರು?" ಎಂದ ಗುಮಾಸ್ತ, ಬರೆಯುತ್ತಲೇ. ಏನು ಮಾಡುತ್ತಾರೆ?

ಅಕ್ಕ ತನಗೆ ಬರುವ ಸಂತೆಯ ತೆಲುಗಿನಲ್ಲಿ ನಿಧಾನವಾಗಿ ಹೇಳಿದಳು: ಫಿಟ್ಟರ್ ಆಗಿದ್ದರು. ಈಗಿಲ್ಲ. ಟ್ರಿಂಕೋಮಲಿಯಲ್ಲಿ ತೀರಿಕೊಂಡರು.

ಗುಮಾಸ್ತ ತಲೆ ಎತ್ತಿ ಅವಳ ಹಣೆಯ ಕುಂಕುಮ ನೋಡಿದ, ನನ್ನನ್ನು ನೋಡಿದ. ಮತ್ತೆ ಬಗ್ಗಿ ಬರೆದ. ಬರೆದು, ಹೆಬ್ಬೆಟ್ಟು ಒತ್ತಲೆಂದು ಹಾಳೆಯನ್ನು ಅವಳ ಕಡೆ ತಿರುಗಿಸಿದ. ಅಕ್ಕ ಒತ್ತಲಿಲ್ಲ. ಏನು ಬರೆದಿರಿ, ಓದಿ ಹೇಳಿರಿ ಎಂದು ಅವನನ್ನೇ ಕೇಳಿದಳು, ನನ್ನನ್ನಲ್ಲ.

ಅವನು ಮೊದಲಿನಿಂದ ಕೊನೆಯವರೆಗೆ ಓದಿದ. ಅಕ್ಕ ಒಂದೊಂದು ಮಾತಿಗೂ ತಲೆಯಾಡಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.